ದಿನನಿತ್ಯದ ದುಡಿಮೆಯಲ್ಲಿ ಉತ್ಸಾಹ

ನಾಗಪುರ ನಗರದ ನೈಋತ್ಯ ದಿಕ್ಕಿನಲ್ಲಿ ಹಿಂಗಣಾ ಎಂಬ ತಾಲ್ಲೂಕು ಕೇಂದ್ರವಿದೆ. ನಗರದಿಂದ ಅಲ್ಲಿಗೆ ಹೋಗುವ ರಸ್ತೆಯ ಬದಿಯಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಕೈಗಾರಿಕಾ ಪ್ರದೇಶ ಹಬ್ಬಿಕೊಂಡಿದೆ. ಟ್ರ್ಯಾಕ್ಟರ್ ತಯಾರಿಸುವ ದೊಡ್ಡ ಕಾರ್ಖಾನೆಯಿಂದ ಹಿಡಿದು ನಾಲ್ಕಾರು ಜನ ದುಡಿಯುವ ಸಣ್ಣ ಘಟಕಗಳವರೆಗೆ ಬಗೆಬಗೆಯ ಉದ್ಯಮಗಳು ಇಲ್ಲಿವೆ. 2020ರ ಜನವರಿಯಲ್ಲಿ ನಾಗಪುರ ಮೆಟ್ರೋ ರೈಲಿನ ಒಂದು ಮಾರ್ಗ ಇದೇ ರಸ್ತೆಯ ಲೋಕಮಾನ್ಯ ನಗರದವರೆಗೆ ಬಂದಿತು. ಬೇಸಿಗೆಯಲ್ಲಿ ಇಲ್ಲಿಯ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಅಂತಹ ದಿನಗಳಲ್ಲಿಯೂ ಬೆಳಗಿನ ಪಾಳಿಗೆ ಕಾರ್ಮಿಕರು ಬರುತ್ತಾರೆ, ನಿನ್ನೆ ಮಾಡಿದ ಕೆಲಸವನ್ನೇ ಇಂದೂ ಮಾಡುತ್ತಾರೆ, ನಾಳೆಯೂ ಅದನ್ನೇ ಮಾಡಬೇಕಾಗಿರುತ್ತದೆ.

ಕೆಲಸಕ್ಕೆ ಸೇರಿದ ಮೊದಲ ದಿನ ಯಾರಿಗಾದರೂ ಹುಮ್ಮಸ್ಸು ಇದ್ದೇ ಇರುತ್ತದೆ. ಹತ್ತು ವರ್ಷಗಳ ನಂತರದ ಒಂದು ಸಾಮಾನ್ಯ ಮಂಗಳವಾರ ಅದೇ ಹುಮ್ಮಸ್ಸು ಎಲ್ಲಿಂದ ಬರಬೇಕು? ಇದು ಕಾರ್ಖಾನೆಯ ಕಾರ್ಮಿಕನ ಪ್ರಶ್ನೆ ಮಾತ್ರವಲ್ಲ. ದಿನಕ್ಕೆ ಮೂರು ಹೊತ್ತು ಅಡಿಗೆ ಮಾಡುವ ಗೃಹಿಣಿ, ಸ್ಪರ್ಧಾತ್ಮಕ ಪರೀಕ್ಷೆಗೆ ಎರಡನೆಯ ಬಾರಿ ಸಿದ್ಧತೆ ನಡೆಸಿರುವ ಯುವಕ, ಸಕ್ಕರೆ ಕಾಯಿಲೆಗಾಗಿ ಪ್ರತಿನಿತ್ಯ ನಡೆಯಬೇಕೆಂದು ವೈದ್ಯರಿಂದ ಹೇಳಿಸಿಕೊಂಡ ನಿವೃತ್ತ ನೌಕರ, ಇವರೆಲ್ಲರ ಪ್ರಶ್ನೆಯೂ ಇದೇ ಆಗಿದೆ.

ಉತ್ಸಾಹವು ಮನಸ್ಸಿನಲ್ಲಿ ತಾನಾಗಿಯೇ ಹುಟ್ಟಬೇಕು, ಅದು ಹುಟ್ಟಿದ ಮೇಲೆ ಕೆಲಸ ಸುಲಭವಾಗಿ ಸಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಆದ್ದರಿಂದಲೇ ‘ಇವತ್ತು ಯಾಕೋ ಮನಸ್ಸಿಲ್ಲ’ ಎಂದು ಕೆಲಸವನ್ನು ನಾಳೆಗೆ ಬಿಡುವುದು ಸಹಜವೆನಿಸುತ್ತದೆ. ಆದರೆ ದೀರ್ಘಕಾಲ ಒಂದೇ ಕೆಲಸದಲ್ಲಿ ನಿಂತವರ ಬದುಕನ್ನು ನೋಡಿದರೆ ಕ್ರಮ ತಿರುಗುಮುರುಗಾಗಿರುವುದು ಕಂಡುಬರುತ್ತದೆ. ಅವರು ಮೊದಲು ಕೆಲಸಕ್ಕೆ ಕೈ ಹಾಕುತ್ತಾರೆ, ಉತ್ಸಾಹ ಹಿಂದಿನಿಂದ ಬರುತ್ತದೆ. ಬಾರದಿದ್ದ ದಿನವೂ ಕೆಲಸ ನಿಲ್ಲುವುದಿಲ್ಲ. ಇದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ತಿಳಿಯಲು ಹಿಂಗಣಾದಿಂದ ಬಹು ದೂರದಲ್ಲಿರುವ, ದಕ್ಷಿಣ ಕನ್ನಡ ಜಿಲ್ಲೆಯ ಒಬ್ಬ ಕೃಷಿಕರ ಉದಾಹರಣೆ ನೆರವಾಗುತ್ತದೆ.

ಗುಡ್ಡದ ಒಡಲಿನ ನೀರು

ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಡ್ಯನಡ್ಕದ ಬಳಿ ಇರುವ ಅಮೈ ಮಹಾಲಿಂಗ ನಾಯ್ಕರು ಕೃಷಿ ಕೂಲಿಕಾರರಾಗಿದ್ದವರು. ತೆಂಗು ಮತ್ತು ಅಡಿಕೆಯ ಮರ ಏರಿ ಕಾಯಿ ಕೊಯ್ಯುವುದು, ತೋಟಗಳಲ್ಲಿ ದುಡಿಯುವುದು ಅವರ ಜೀವನೋಪಾಯವಾಗಿತ್ತು. 1978ರಲ್ಲಿ ಅವರಿಗೆ ಗುಡ್ಡದ ಇಳಿಜಾರಿನಲ್ಲಿ ಸುಮಾರು ಎರಡು ಎಕರೆ ಜಮೀನು ದೊರೆಯಿತು. ಜಮೀನೇನೋ ಸ್ವಂತದ್ದಾಯಿತು, ಆದರೆ ಅಲ್ಲಿ ನೀರಿರಲಿಲ್ಲ. ಬಾವಿ ತೋಡಿಸುವಷ್ಟು, ಪಂಪು ಕೂರಿಸುವಷ್ಟು ಹಣ ಅವರ ಕೈಯಲ್ಲಿರಲಿಲ್ಲ.

ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಾಡಿನಲ್ಲಿ ನೀರು ಪಡೆಯುವ ಒಂದು ಹಳೆಯ ವಿಧಾನವಿದೆ. ಅದಕ್ಕೆ ಸುರಂಗವೆಂದೇ ಹೆಸರು. ಮುರಕಲ್ಲಿನ ಗುಡ್ಡದ ಪಕ್ಕೆಯಲ್ಲಿ, ಒಬ್ಬ ಮನುಷ್ಯ ಹೊಕ್ಕು ಕೆಲಸ ಮಾಡುವಷ್ಟು ಮಾತ್ರ ಜಾಗವಿರುವಂತೆ, ಅಡ್ಡಲಾಗಿ ಒಳಮುಖವಾಗಿ ತೋಡುತ್ತ ಹೋಗುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಧಾರಾಳವಾಗಿ ಬೀಳುವ ಮಳೆಯ ನೀರು ಗುಡ್ಡದೊಳಗೆ ಇಳಿದು ಅಲ್ಲಲ್ಲಿ ಪದರಗಳ ನಡುವೆ ನಿಂತಿರುತ್ತದೆ. ಸುರಂಗವು ಅಂತಹ ಪದರವನ್ನು ತಲುಪಿದರೆ ನೀರು ಜಿನುಗಿ, ನೆಲದ ಇಳಿಜಾರಿಗೆ ಅನುಗುಣವಾಗಿ ತಾನೇ ಹೊರಗೆ ಹರಿದುಬರುತ್ತದೆ. ವಿದ್ಯುತ್ತು ಬೇಡ, ಯಂತ್ರ ಬೇಡ. ಬೇಕಾದದ್ದು ಮನುಷ್ಯನ ತೋಳು ಮತ್ತು ಸಮಯ. ನೀರು ಎಲ್ಲಿದೆ ಎಂಬುದು ತೋಡಿದ ನಂತರವೇ ಖಚಿತವಾಗುತ್ತದೆ.

ನಾಯ್ಕರು ಹಗಲು ಇತರರ ತೋಟದಲ್ಲಿ ದುಡಿದು ಸಂಜೆ ತಮ್ಮ ಗುಡ್ಡಕ್ಕೆ ಬರುತ್ತಿದ್ದರು. ಎಣ್ಣೆಯ ದೀಪ ಹೊತ್ತಿಸಿಕೊಂಡು ಕತ್ತಲಾದ ನಂತರವೂ ಒಬ್ಬರೇ ಸುರಂಗ ತೋಡುತ್ತಿದ್ದರು. ಮೊದಲ ಸುರಂಗದಲ್ಲಿ ನೀರು ಬರಲಿಲ್ಲ. ಬೇರೆ ಕಡೆ ಮತ್ತೊಂದನ್ನು ಆರಂಭಿಸಿದರು, ಅಲ್ಲಿಯೂ ಬರಲಿಲ್ಲ. ಹೀಗೆ ಒಂದಾದ ಮೇಲೊಂದರಂತೆ ಹಲವು ಸುರಂಗಗಳು ಒಣಗಿಯೇ ಉಳಿದವು, ವರ್ಷಗಳು ಕಳೆದವು. ನೋಡಿದವರು ಇದನ್ನು ಹುಚ್ಚು ಸಾಹಸವೆಂದು ನಕ್ಕರು. ಕೊನೆಗೆ ಒಂದು ಸುರಂಗದಲ್ಲಿ ನೀರು ಕಾಣಿಸಿಕೊಂಡಿತು. ಆ ನೀರಿನಿಂದ ಗುಡ್ಡದ ಇಳಿಜಾರಿನಲ್ಲಿ ಅಡಿಕೆ, ತೆಂಗು, ಬಾಳೆ, ಕರಿಮೆಣಸುಗಳ ತೋಟ ಎದ್ದಿತು. 2022ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು.

ಈ ಕಥೆಯನ್ನು ಸಾಮಾನ್ಯವಾಗಿ ‘ಛಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ಛಲವಿಲ್ಲದೆ ಇದು ಆಗುತ್ತಿರಲಿಲ್ಲ, ನಿಜ. ಆದರೆ ಆ ಮಾತಿನಿಂದ ಓದುಗರಿಗೆ ದೊರೆಯುವ ಪ್ರಯೋಜನ ಅಲ್ಪ. ಛಲವುಳ್ಳವರು ಬೇರೆಯೇ ಜಾತಿಯ ಮನುಷ್ಯರೆಂಬ ಭಾವನೆ ಬೆಳೆಯುತ್ತದೆಯಷ್ಟೆ. ಅವರ ದಿನಚರಿಯನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಕೂಲಿ ಕೆಲಸ ಮುಗಿಯುವುದೇ ಸುರಂಗದ ಕೆಲಸ ಆರಂಭವಾಗುವ ಹೊತ್ತಾಗಿತ್ತು. ‘ಇಂದು ತೋಡಲೋ ಬೇಡವೋ’ ಎಂದು ಪ್ರತಿ ಸಂಜೆ ಹೊಸದಾಗಿ ನಿರ್ಧರಿಸುವ ಅಗತ್ಯ ಅಲ್ಲಿರಲಿಲ್ಲ. ಆ ಸಂಜೆ ಎಷ್ಟು ಕೆಲಸವಾಯಿತೆಂಬುದು ಹೊರಗೆ ತಂದು ಸುರಿದ ಮಣ್ಣಿನ ರಾಶಿಯಲ್ಲಿ ಕಣ್ಣಿಗೆ ಕಾಣುತ್ತಿತ್ತು. ನೀರು ಸಿಗುವುದು ದೂರದ ಮಾತಾದರೂ ಇಂದಿನ ಒಂದು ಗೇಣು ಇಂದೇ ಮುಗಿಯುತ್ತಿತ್ತು. ಒಂದು ಜಾಗದಲ್ಲಿ ನೀರು ಬಾರದಾಗ ಅವರು ಜಾಗವನ್ನು ಬದಲಿಸಿದರು, ಗುರಿಯನ್ನು ಬದಲಿಸಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಆ ನೆಲ ಅವರದೇ ಆಗಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗುತ್ತದೆ. ಸುರಂಗ ತೋಡುವುದು ಅಪಾಯದ ಕೆಲಸ. ಮಣ್ಣು ಕುಸಿಯಬಹುದು, ಒಳಗೆ ಗಾಳಿ ಸಾಲದಾಗಬಹುದು. ಅಲ್ಲದೆ, ನೀರು ಸಿಕ್ಕವರ ಕಥೆ ಉಳಿಯುತ್ತದೆ, ಸಿಗದೆ ಕೈಬಿಟ್ಟವರ ಕಥೆ ಯಾರಿಗೂ ತಿಳಿಯುವುದಿಲ್ಲ. ಬಿಡದೆ ಹಿಡಿಯುವುದು ಎಲ್ಲ ಸಂದರ್ಭದಲ್ಲಿಯೂ ಜಾಣತನವೆಂದು ಹೇಳಲಾಗದು. ನಾಯ್ಕರ ಪ್ರಯತ್ನಕ್ಕೆ ಆಧಾರವಿತ್ತು: ಆ ಸೀಮೆಯ ಗುಡ್ಡಗಳಲ್ಲಿ ಸುರಂಗದಿಂದ ನೀರು ಪಡೆದವರು ತಲೆಮಾರುಗಳಿಂದ ಇದ್ದರು. ಅನುಭವಿಗಳು ಸಾಧ್ಯವೆಂದು ತೋರಿಸಿದ ದಾರಿಯಲ್ಲಿ ಪದೇಪದೇ ಪ್ರಯತ್ನಿಸುವುದು ಬೇರೆ, ಯಾವ ಸೂಚನೆಯೂ ಇಲ್ಲದ ಕಡೆ ಅಗೆಯುತ್ತಲೇ ಇರುವುದು ಬೇರೆ.

ಹೊತ್ತು ಮತ್ತು ಸ್ಥಳ

ನಾಯ್ಕರು ಅನುಭವದಿಂದ ನಡೆದ ದಾರಿಯ ಕೆಲವು ಅಂಶಗಳನ್ನು ಮನಶ್ಶಾಸ್ತ್ರಜ್ಞರು ಪ್ರಯೋಗಗಳ ಮೂಲಕವೂ ಪರೀಕ್ಷಿಸಿದ್ದಾರೆ. ಜರ್ಮನಿಯ ಪೀಟರ್ ಗಾಲ್ವಿಟ್ಸರ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳುಹಿಸುವಂತೆ ಹೇಳಲಾಗಿತ್ತು. ಕೆಲವರಿಗೆ ಇಷ್ಟನ್ನೇ ಹೇಳಲಾಯಿತು. ಇನ್ನು ಕೆಲವರಿಗೆ ಯಾವ ಹೊತ್ತಿನಲ್ಲಿ, ಯಾವ ಸ್ಥಳದಲ್ಲಿ ಕುಳಿತು ಬರೆಯುವಿರಿ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವಂತೆ ತಿಳಿಸಲಾಯಿತು. ಮೊದಲನೆಯ ಗುಂಪಿನಲ್ಲಿ ಸಕಾಲಕ್ಕೆ ಬರೆದವರು ಹತ್ತರಲ್ಲಿ ಸುಮಾರು ಮೂವರು, ಎರಡನೆಯ ಗುಂಪಿನಲ್ಲಿ ಸುಮಾರು ಏಳು ಮಂದಿ. ಎರಡೂ ಗುಂಪಿನವರ ಬಯಕೆ ಒಂದೇ ಆಗಿತ್ತು, ವ್ಯತ್ಯಾಸವಿದ್ದುದು ಹೊತ್ತು ಮತ್ತು ಸ್ಥಳದ ನಿಶ್ಚಯದಲ್ಲಿ.

ಇದನ್ನು ದಿನನಿತ್ಯಕ್ಕೆ ಅಳವಡಿಸುವುದು ಕಷ್ಟವಲ್ಲ. ‘ಇನ್ನು ಮುಂದೆ ಚೆನ್ನಾಗಿ ಓದುತ್ತೇನೆ’ ಎಂಬ ಸಂಕಲ್ಪಕ್ಕೆ ಆಧಾರ ಸಾಲದು. ‘ಸಂಜೆ ದೀಪ ಹಚ್ಚಿದ ಕೂಡಲೇ ನಡುಮನೆಯ ಮೂಲೆಯಲ್ಲಿ ಕುಳಿತು ಎರಡು ಲೆಕ್ಕ ಮಾಡುತ್ತೇನೆ’ ಎಂಬುದಕ್ಕೆ ಆಧಾರವಿದೆ, ಏಕೆಂದರೆ ದೀಪ ಹಚ್ಚುವ ಕೆಲಸ ಮನೆಯಲ್ಲಿ ಹೇಗೂ ನಡೆಯುತ್ತದೆ. ಈಗಾಗಲೇ ತಪ್ಪದೆ ನಡೆಯುತ್ತಿರುವ ಒಂದು ಕೆಲಸದ ಬೆನ್ನಿಗೆ ಹೊಸದನ್ನು ಕಟ್ಟಿದರೆ ನೆನಪಿನ ಹೊರೆ ಇಳಿಯುತ್ತದೆ. ಪಾಳಿಯಲ್ಲಿ ದುಡಿಯುವವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಒಂದು ವಾರ ಬೆಳಗಿನ ಪಾಳಿ, ಮುಂದಿನ ವಾರ ರಾತ್ರಿ ಪಾಳಿ ಎಂದಿರುವಾಗ ‘ಬೆಳಿಗ್ಗೆ ಆರಕ್ಕೆ ವ್ಯಾಯಾಮ’ ಎಂಬ ನಿಯಮ ಎರಡನೆಯ ವಾರದಲ್ಲಿಯೇ ಮುರಿಯುತ್ತದೆ. ‘ಪಾಳಿ ಮುಗಿಸಿ ಮನೆಗೆ ಬಂದು ಕೈಕಾಲು ತೊಳೆಯುವ ಮುನ್ನ’ ಎಂಬ ನಿಯಮ ಗಡಿಯಾರವನ್ನು ಅವಲಂಬಿಸಿಲ್ಲವಾದ್ದರಿಂದ ಪಾಳಿ ಬದಲಾದರೂ ಉಳಿಯಬಲ್ಲದು. ಆದರೆ ರಾತ್ರಿ ಪಾಳಿ ಮಾಡುವವರಿಗೆ ನಿದ್ರೆಯೇ ಮೊದಲ ಅಗತ್ಯ. ನಿದ್ರೆಗೆಟ್ಟ ದೇಹದಿಂದ ಉತ್ಸಾಹ ನಿರೀಕ್ಷಿಸುವುದು ಎಣ್ಣೆಯಿಲ್ಲದ ದೀಪಕ್ಕೆ ಬತ್ತಿ ಹೊಸೆದಂತೆ.

ರೂಢಿಯಾಗಲು ಎಷ್ಟು ದಿನ ಬೇಕು? 21 ದಿನಗಳು ಸಾಕೆಂದು ಹೇಳುವುದು ವಾಡಿಕೆ. ಲಂಡನ್ನಿನ ಫಿಲಿಪ್ಪ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರಗಳ ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯಮ ಪ್ರಮಾಣ ಸುಮಾರು 66 ದಿನಗಳು. ಸುಲಭದ ಕೆಲಸ 18 ದಿನಗಳಲ್ಲಿ ರೂಢಿಯಾದದ್ದುಂಟು, ಕಷ್ಟದ್ದಕ್ಕೆ 254 ದಿನಗಳು ಬೇಕಾದೀತೆಂದೂ ಅಂದಾಜು ಮಾಡಲಾಯಿತು. ಅಂದರೆ ಮೂರು ವಾರ ಕಳೆದರೂ ಬೆಳಗಿನ ನಡಿಗೆ ಬೇಸರವೆನಿಸುತ್ತಿದ್ದರೆ ಅದು ಸ್ವಭಾವದ ದೋಷವಲ್ಲ, ಅವಧಿ ಇನ್ನೂ ತುಂಬಿಲ್ಲವಷ್ಟೆ. ಅದೇ ಅಧ್ಯಯನದ ಇನ್ನೊಂದು ಅಂಶ ಸಮಾಧಾನ ತರುವಂತಹುದು. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂತಹ ಧಕ್ಕೆಯಾಗಲಿಲ್ಲ. ಮದುವೆ, ಜಾತ್ರೆ, ಜ್ವರ, ಊರಿನಿಂದ ಬಂದ ನೆಂಟರು, ಇವುಗಳ ನಡುವೆ ವ್ರತಭಂಗವಾಯಿತೆಂದು ಇಡೀ ಪ್ರಯತ್ನವನ್ನು ಕೈಬಿಡುವವರು ಬಹಳ. ಒಂದು ದಿನ ತಪ್ಪಿದ್ದಕ್ಕಿಂತ, ತಪ್ಪಿತಲ್ಲಾ ಎಂದು ಕೈಚೆಲ್ಲಿದ್ದೇ ಅವರಿಗೆ ನಷ್ಟ ತರುತ್ತದೆ.

ಕಣ್ಣಿಗೆ ಕಾಣುವ ಲೆಕ್ಕ

ನಾಗಪುರದಿಂದ ಸುಮಾರು 75 ಕಿಲೋಮೀಟರ್ ದೂರದಲ್ಲಿ, ವರ್ಧಾದ ಹತ್ತಿರ ಸೇವಾಗ್ರಾಮವಿದೆ. ಗಾಂಧೀಜಿಯವರು 1936ರಲ್ಲಿ ಅಲ್ಲಿ ನೆಲೆಸಿದಾಗ ಅದು ಸೇಗಾಂವ್ ಎಂಬ ಹಳ್ಳಿಯಾಗಿತ್ತು. ಪ್ರಾರ್ಥನೆ, ಶುಚಿತ್ವದ ಕೆಲಸ, ನೂಲುವಿಕೆ ಇವುಗಳಿಗೆ ಅಲ್ಲಿ ಗೊತ್ತಾದ ಹೊತ್ತು ಇತ್ತು. ತೆಗೆದ ನೂಲಿನ ಲೆಕ್ಕವಿಡುವ ರೂಢಿಯೂ ಇತ್ತು. ಸ್ವರಾಜ್ಯ ಯಾವಾಗ ಬರುವುದೆಂದು ಯಾರಿಗೂ ಖಚಿತವಿರದಿದ್ದ ಕಾಲದಲ್ಲಿ ಇಂದಿನ ನೂಲು ಇಂದೇ ಎಣಿಕೆಗೆ ಸಿಗುತ್ತಿತ್ತು. ನಾಯ್ಕರ ಮಣ್ಣಿನ ರಾಶಿಯೂ ಈ ಲೆಕ್ಕದ ಪುಸ್ತಕವೂ ಮಾಡಿದ ಕೆಲಸ ಒಂದೇ.

ಅಮೆರಿಕದ ತೆರೇಸಾ ಅಮಬಿಲೆ ಮತ್ತು ಸ್ಟೀವನ್ ಕ್ರೇಮರ್ ಅವರು ಏಳು ಕಂಪನಿಗಳ 238 ನೌಕರರು ದಿನದ ಕೊನೆಯಲ್ಲಿ ಬರೆದಿಟ್ಟ ಸುಮಾರು 12,000 ದಿನಚರಿ ಟಿಪ್ಪಣಿಗಳನ್ನು ಪರಿಶೀಲಿಸಿ 2011ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅರ್ಥವುಳ್ಳ ಕೆಲಸದಲ್ಲಿ ಒಂದಿಷ್ಟು ಮುನ್ನಡೆಯಾದ ದಿನವೇ ನೌಕರರ ಮನಸ್ಸು ಹೆಚ್ಚು ಉಲ್ಲಾಸದಿಂದಿರುತ್ತದೆ, ಆ ಮುನ್ನಡೆ ಸಣ್ಣದಾಗಿದ್ದರೂ ಸಾಕು ಎಂಬುದು ಅವರು ಕಂಡುಕೊಂಡ ಮುಖ್ಯ ಅಂಶ. ಮನೆಯ ಕೆಲಸದಲ್ಲಿ ದಣಿವು ಬೇಗ ಬರುವುದಕ್ಕೆ ಇದೂ ಒಂದು ಕಾರಣವಿರಬಹುದು. ತೊಳೆದ ಪಾತ್ರೆ ಮತ್ತೆ ಮುಸುರೆಯಾಗುತ್ತದೆ, ಗುಡಿಸಿದ ಅಂಗಳದಲ್ಲಿ ಮತ್ತೆ ಎಲೆ ಬೀಳುತ್ತದೆ, ಮುನ್ನಡೆಯ ಗುರುತೇ ಉಳಿಯುವುದಿಲ್ಲ. ಮನೆಮಂದಿ ಗಮನಿಸಿ ಒಂದು ಮಾತು ಹೇಳುವುದೂ, ಪಾಲು ಹಂಚಿಕೊಂಡು ಕೈಜೋಡಿಸುವುದೂ ಇಲ್ಲಿ ಯಾವ ಉಪದೇಶಕ್ಕಿಂತ ಹೆಚ್ಚು ಬಲ ಕೊಡುತ್ತವೆ.

ಯಾವ ದೀರ್ಘ ಕೆಲಸದಲ್ಲಿಯೂ ಆರಂಭಕ್ಕೂ ಕೊನೆಗೂ ಹುರುಪು ಇರುತ್ತದೆ, ಸೊರಗುವುದು ನಡುಭಾಗ. ಅದಕ್ಕೆ ಪರಿಹಾರವಾಗಿ ನಡುಭಾಗವನ್ನೇ ಚಿಕ್ಕದಾಗಿ ಒಡೆಯಬಹುದು. ವರ್ಷದ ಸಾಲವನ್ನು ತಿಂಗಳ ಕಂತಾಗಿ, ಇಡೀ ಪಠ್ಯವನ್ನು ವಾರದ ಪಾಠವಾಗಿ ವಿಂಗಡಿಸಿದರೆ ಆರಂಭ ಮತ್ತು ಮುಕ್ತಾಯಗಳೆರಡೂ ಮತ್ತೆ ಮತ್ತೆ ಬರುತ್ತವೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಕುವ ಒಂದು ಗೀಟು ಇದಕ್ಕೆ ಸಾಕು.

ತನ್ನದಲ್ಲದ ಕೆಲಸ

ಹಿಂಗಣಾದ ಕಾರ್ಮಿಕರ ಪ್ರಶ್ನೆಗೆ ಇಷ್ಟರಿಂದ ಪೂರ್ಣ ಉತ್ತರ ದೊರೆಯುವುದಿಲ್ಲ. ಗುಡ್ಡ ನಾಯ್ಕರದಾಗಿತ್ತು, ಸುರಂಗ ಎಲ್ಲಿ ತೋಡಬೇಕೆಂಬ ನಿರ್ಧಾರವೂ ಅವರದೇ ಆಗಿತ್ತು. ಕಾರ್ಖಾನೆಯಲ್ಲಿ ಯಂತ್ರದ ವೇಗವನ್ನಾಗಲಿ ಕೆಲಸದ ಕ್ರಮವನ್ನಾಗಲಿ ನಿರ್ಧರಿಸುವವರು ಬೇರೆಯವರು. ಸಂಬಳ ಹೆಚ್ಚಿಸಿದರೆ ಉತ್ಸಾಹ ತಾನೇ ಬರುತ್ತದೆ ಎಂಬ ವಾದವೂ ಇದೆ. ದುಡಿಮೆಗೆ ತಕ್ಕ ವೇತನ ನ್ಯಾಯದ ವಿಷಯ. ಅದರ ಬದಲಿಗೆ ಉಪದೇಶ ಕೊಡುವುದು ಸಲ್ಲದು. ಆದರೆ ಹಣಕ್ಕೂ ಆಸಕ್ತಿಗೂ ಇರುವ ಸಂಬಂಧ ಅಷ್ಟು ಸರಳವಲ್ಲ. ಅಮೆರಿಕದ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟನ್ನು ಕೊಡಲಾಗಿತ್ತು. ಒಂದು ಗುಂಪಿಗೆ ಪ್ರತಿ ಒಗಟು ಬಿಡಿಸಿದ್ದಕ್ಕೆ ಹಣ ಕೊಟ್ಟು, ಮುಂದಿನ ಸಲ ಹಣ ನಿಲ್ಲಿಸಿದಾಗ, ಆ ಗುಂಪಿನವರು ಬಿಡುವಿನ ವೇಳೆಯಲ್ಲಿ ಒಗಟಿನ ಕಡೆ ನೋಡುವುದು ಕಡಿಮೆಯಾಯಿತು. ಹಣ ಪಡೆಯದೆಯೇ ಆಡಿದವರ ಆಸಕ್ತಿ ಹಾಗೆ ಕುಗ್ಗಲಿಲ್ಲ.

ಇದು ಸಹಜವಾಗಿ ಆಸಕ್ತಿ ಹುಟ್ಟಿಸುವ ಕೆಲಸದ ಮಾತು. ಏಕತಾನದ ಕೆಲಸದಲ್ಲಿ ಕಳೆದುಕೊಳ್ಳಲು ಅಂತಹ ಆಸಕ್ತಿಯೇ ಇರುವುದಿಲ್ಲ. ಡೆಸಿ ಮತ್ತು ಅವರ ಸಹೋದ್ಯೋಗಿ ರಿಚರ್ಡ್ ರಯಾನ್ ಮುಂದೆ ಬೆಳೆಸಿದ ಸಿದ್ಧಾಂತದ ಪ್ರಕಾರ ಮನುಷ್ಯನಿಗೆ ತನ್ನ ಕೆಲಸದಲ್ಲಿ ಸ್ವಲ್ಪವಾದರೂ ಸ್ವಂತ ನಿರ್ಧಾರ, ಕೆಲಸ ಬಲ್ಲೆನೆಂಬ ಭಾವ, ಜೊತೆಯವರೊಡನೆ ಬಾಂಧವ್ಯ ಬೇಕು. ಕೆಲಸವನ್ನು ಹೀಗೇಕೆ ಮಾಡಬೇಕೆಂಬ ಕಾರಣ ತಿಳಿಸುವುದು, ಉಪಕರಣಗಳನ್ನು ಹೇಗೆ ಜೋಡಿಸಿಟ್ಟರೆ ಅನುಕೂಲವೆಂದು ಕೆಲಸ ಮಾಡುವವರನ್ನೇ ಕೇಳುವುದು, ಹೊಸಬರಿಗೆ ಕಲಿಸುವ ಹೊಣೆಯನ್ನು ಅನುಭವಿಗಳಿಗೆ ಒಪ್ಪಿಸುವುದು, ಇವು ಮೇಲ್ವಿಚಾರಕರ ಕೈಯಲ್ಲಿಯೇ ಇರುವ ಕ್ರಮಗಳು. ಇವುಗಳಿಗೆ ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ಇವುಗಳ ಕಡೆ ಯಾರೂ ಗಮನ ಕೊಡುವುದಿಲ್ಲವೋ ಏನೋ. ಊರು ಬಿಟ್ಟು ಬಂದು ಬೇರೆ ಭಾಷೆಯ ನಡುವೆ ದುಡಿಯುವವರಿಗಂತೂ ಒಟ್ಟಿಗೆ ಕುಳಿತು ಬುತ್ತಿ ಬಿಚ್ಚುವ ಇಬ್ಬರು ಗೆಳೆಯರು ದೊಡ್ಡ ಆಸರೆ.

ಆಲಸ್ಯವಲ್ಲದ ಆಯಾಸ

ಇಷ್ಟೆಲ್ಲ ಹೇಳಿದ ಮೇಲೂ ಒಂದು ವಿಷಯ ಉಳಿಯುತ್ತದೆ, ಅದನ್ನು ಕುಟುಂಬದವರು ವಿಶೇಷವಾಗಿ ಗಮನಿಸಬೇಕು. ಉತ್ಸಾಹವಿಲ್ಲದಿರುವುದು ಕೆಲವೊಮ್ಮೆ ಕಾಯಿಲೆಯ ಲಕ್ಷಣವಾಗಿರುತ್ತದೆ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ತೊಂದರೆ, ಸಕ್ಕರೆ ಕಾಯಿಲೆ ಇವು ದೇಹವನ್ನು ಕುಗ್ಗಿಸಿ ಕೆಲಸದಲ್ಲಿ ಮನಸ್ಸು ನಿಲ್ಲದಂತೆ ಮಾಡಬಲ್ಲವು. ನಮ್ಮ ದೇಶದಲ್ಲಿ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಅತ್ಯಂತ ವ್ಯಾಪಕವಾಗಿದೆ; ಸೋಮಾರಿತನವೆಂದು ಬೈಸಿಕೊಳ್ಳುವ ಎಷ್ಟೋ ಹುಡುಗಿಯರಿಗೆ ಬೇಕಾಗಿರುವುದು ರಕ್ತಪರೀಕ್ಷೆ ಮತ್ತು ಕಬ್ಬಿಣಾಂಶದ ಮಾತ್ರೆ.

ಖಿನ್ನತೆಯ ವಿಚಾರ ಇನ್ನೂ ಗಂಭೀರ. ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಮೊದಲು ಇಷ್ಟವಾಗುತ್ತಿದ್ದ ಹಾಡು, ಆಟ, ಮಾತುಕತೆ ಯಾವುದರಲ್ಲಿಯೂ ರುಚಿಯಿಲ್ಲದಿರುವುದು, ನಿದ್ರೆ ಹಸಿವುಗಳಲ್ಲಿ ಏರುಪೇರು, ತಾನು ಯಾತಕ್ಕೂ ಬಾರದವನೆಂಬ ಭಾವನೆ, ಇವು ಎರಡು ವಾರಗಳಿಗೂ ಮೀರಿ ಬಿಡದೆ ಉಳಿದರೆ ವೈದ್ಯರನ್ನು ಕಾಣಬೇಕು. ಇಂತಹವರಿಗೆ ‘ಮನಸ್ಸು ಗಟ್ಟಿ ಮಾಡಿಕೋ’ ಎಂದು ಹೇಳುವುದು, ಕಾಲು ಮುರಿದವನಿಗೆ ಓಡು ಎಂದಂತೆ. ಮೇಲೆ ಹೇಳಿದ ಉಪಾಯಗಳನ್ನು ಪಾಲಿಸಲಾಗಲಿಲ್ಲವೆಂಬ ಇನ್ನೊಂದು ತಪ್ಪಿತಸ್ಥ ಭಾವನೆ ಅವರಿಗೆ ಸೇರಬಾರದು. ಖಿನ್ನತೆಗೆ ಚಿಕಿತ್ಸೆಯಿದೆ. ಬದುಕೇ ಬೇಡವೆಂಬ ಮಾತು ಬಂದರೆ ಎರಡು ವಾರ ಕಾಯಬಾರದು, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ ಕೂಡಲೇ ನೆರವು ಪಡೆಯಬೇಕು.

ಇದಕ್ಕಾಗಿ ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ಪ್ರಧಾನ ಕೇಂದ್ರವಾಗಿದೆ. 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕರೆ ಮಾಡಿದವರು ತಮಗೆ ಬೇಕಾದ ಭಾಷೆಯನ್ನು ಆರಿಸಿಕೊಳ್ಳಬಹುದು, ಅವುಗಳಲ್ಲಿ ಕನ್ನಡವೂ ಇದೆ. ಮೊದಲು ತರಬೇತಿ ಪಡೆದ ಸಮಾಲೋಚಕರು ಮಾತನಾಡುತ್ತಾರೆ. ಅಗತ್ಯ ಕಂಡುಬಂದರೆ ತಜ್ಞರ ಸಂಪರ್ಕ ಕಲ್ಪಿಸುತ್ತಾರೆ. ತನಗಾಗಿಯೇ ಕರೆ ಮಾಡಬೇಕೆಂದೇನೂ ಇಲ್ಲ. ಮನೆಯಲ್ಲಿ, ಪಾಳಿಯ ಜೊತೆಗಾರರಲ್ಲಿ ಯಾರಾದರೂ ಹೀಗೆ ಕುಗ್ಗಿರುವುದು ಕಂಡರೆ, ಅವರೊಡನೆ ಹೇಗೆ ಮಾತನಾಡಬೇಕೆಂದು ಕೇಳುವುದಕ್ಕೂ ಈ ಸಂಖ್ಯೆಗೆ ಕರೆ ಮಾಡಬಹುದು.